ಡೇಟಾ ಲಾಗರ್‌ಗೆ ಪ್ರೋಗ್ರಾಂ ಬರೆಯುವ ಮುನ್ನ: ಮೂಲ ಪದಗಳು ಮತ್ತು ಕೆಲಸದ ಕ್ರಮ

ಯಾರೂ ಹತ್ತಿರವಿಲ್ಲದಾಗಲೂ ಸೆನ್ಸರ್‌ಗಳನ್ನು ನಿಗದಿತ ಹೊತ್ತಿಗೆ ಅಳೆದು, ಆ ಅಳತೆಗೆ ದಿನಾಂಕವನ್ನೂ ಸಮಯವನ್ನೂ ಸೇರಿಸಿ, ತನ್ನ ಮೆಮೊರಿಯಲ್ಲಿ ಕಾಪಿಡುವ ಉಪಕರಣವೇ ಡೇಟಾ ಲಾಗರ್. ಕೆಲಸ ಸರಳವಾಗಿ ಕಂಡರೂ, ಅದರ ಕೈಪಿಡಿಯನ್ನು ಮೊದಲ ಸಲ ತೆರೆದವರಿಗೆ ಸ್ಕ್ಯಾನ್, ಸ್ಯಾಂಪಲ್, ರೆಕಾರ್ಡ್, ಟೇಬಲ್, ಇಂಟರ್ವಲ್ ಮುಂತಾದ ಪದಗಳು ಒಂದರ ಹಿಂದೊಂದು ಎದುರಾಗುತ್ತವೆ, ಮತ್ತು ಅವೆಲ್ಲವೂ ಹೆಚ್ಚುಕಡಿಮೆ ಒಂದೇ ಅರ್ಥದವು ಎಂಬ ಭಾವನೆ ಹುಟ್ಟುತ್ತದೆ. ಹಾಗೇನಿಲ್ಲ. ಲಾಗರ್ ಅಳೆಯುವುದು ಒಂದು ಕೆಲಸ, ಅಳೆದದ್ದರ ಮೇಲೆ ಲೆಕ್ಕ ಮಾಡುವುದು ಇನ್ನೊಂದು, ಲೆಕ್ಕದ ಫಲವನ್ನು ಉಳಿಸಿಡುವುದು ಮತ್ತೊಂದು. ಈ ಮೂರು ಕೆಲಸಗಳಿಗೂ ಬೇರೆ ಬೇರೆ ವೇಳಾಪಟ್ಟಿ ಇರಬಹುದು. ಹೊಸಬರು ಮಾಡುವ ತಪ್ಪುಗಳಲ್ಲಿ ಬಹುಪಾಲು ಈ ಮೂರನ್ನು ಒಂದಾಗಿ ಕಂಡದ್ದರಿಂದಲೇ ಆಗುತ್ತವೆ ಎಂಬುದು ನನ್ನ ಅನುಭವ.

ಲಾಗರ್‌ಗಳಲ್ಲಿ ಕೆಲವನ್ನು ಕಂಪ್ಯೂಟರ್ ತೆರೆಯ ಮೇಲೆ ಆಯ್ಕೆಗಳನ್ನು ಒತ್ತಿಯೇ ಹೊಂದಿಸಬಹುದು. ಕ್ಯಾಂಪ್‌ಬೆಲ್ ಸೈಂಟಿಫಿಕ್‌ನಂಥ ತಯಾರಕರ ಲಾಗರ್‌ಗಳಿಗೆ ಸಿಆರ್‌ಬೇಸಿಕ್ ಎಂಬ ಭಾಷೆಯಲ್ಲಿ ಪ್ರೋಗ್ರಾಂ ಬರೆಯಬೇಕಾಗುತ್ತದೆ. ಆರ್ಡುಯಿನೊ ಬಗೆಯ ಬೋರ್ಡ್‌ಗಳಿಂದ ತಾವೇ ಲಾಗರ್ ಕಟ್ಟಿಕೊಳ್ಳುವವರು ಸಿ++ ಬಳಸುತ್ತಾರೆ. ಪದಗಳು ತುಸು ಆಚೀಚೆ ಆಗಬಹುದಾದರೂ ಒಳಗಿನ ಕಲ್ಪನೆಗಳು ಎಲ್ಲ ಕಡೆಯೂ ಒಂದೇ ಆಗಿರುವುದರಿಂದ, ಕೆಳಗಿನ ವಿವರಣೆಯನ್ನು ಒಂದೇ ಉಪಕರಣಕ್ಕೆ ಕಟ್ಟಿಹಾಕದೆ, ಕೆಲಸ ನಡೆಯುವ ಕ್ರಮದಲ್ಲಿಯೇ ಕೊಟ್ಟಿದ್ದೇನೆ.

ಮೊದಲ ಹೆಜ್ಜೆ: ಕಾಗದದ ಮೇಲೆ ಪಟ್ಟಿ

ಕಂಪ್ಯೂಟರ್ ತೆರೆಯುವುದಕ್ಕೆ ಮುಂಚೆ ಒಂದು ಹಾಳೆಯಲ್ಲಿ ಪ್ರತಿ ಸೆನ್ಸರ್‌ಗೆ ಒಂದು ಸಾಲು ಬರೆದುಕೊಳ್ಳಬೇಕು. ಏನನ್ನು ಅಳೆಯುತ್ತೇವೆ, ಯಾವ ಮಾನದಲ್ಲಿ, ಸೆನ್ಸರ್ ಕೊಡುವ ಸಂಕೇತ ಯಾವ ಬಗೆಯದು, ಅದು ಯಾವ ಟರ್ಮಿನಲ್‌ಗೆ ಸೇರುತ್ತದೆ, ಎಷ್ಟು ಹೊತ್ತಿಗೊಮ್ಮೆ ಅಳೆಯಬೇಕು, ಎಷ್ಟು ಹೊತ್ತಿಗೊಮ್ಮೆ ಉಳಿಸಬೇಕು, ಉಳಿಸುವುದು ಸರಾಸರಿಯನ್ನೋ ಮೊತ್ತವನ್ನೋ ಗರಿಷ್ಠವನ್ನೋ ಎಂಬ ಏಳು ಕಾಲಂಗಳು ಸಾಕು. ಈ ಹಾಳೆ ತುಂಬಿದರೆ ಪ್ರೋಗ್ರಾಮಿನ ಅರ್ಧ ಬರೆದಂತೆಯೇ. ಯಾವ ಕಾಲಂ ಖಾಲಿ ಉಳಿಯುತ್ತದೋ ಅಲ್ಲಿಯೇ ಮುಂದೆ ತೊಂದರೆ ಕಾದಿರುತ್ತದೆ. ಈ ಲೇಖನದುದ್ದಕ್ಕೂ ನಾಲ್ಕು ಅಳತೆಗಳಿರುವ ಒಂದು ಸಣ್ಣ ಕೇಂದ್ರವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ: ಗಾಳಿಯ ಉಷ್ಣತೆ, ಮಳೆ, ಗಾಳಿಯ ದಿಕ್ಕು ಮತ್ತು ಒಂದು ತೊಟ್ಟಿಯ ನೀರಿನ ಮಟ್ಟ.

ಎರಡನೆಯ ಹೆಜ್ಜೆ: ಸಂಕೇತದ ಬಗೆ ಮತ್ತು ತಂತಿಗಳು

ಸೆನ್ಸರ್‌ನಿಂದ ಹೊರಡುವ ಸಂಕೇತ ಮೂರು ಬಗೆಯದಾಗಿರಬಹುದು: ಏರಿಳಿಯುವ ವೋಲ್ಟೇಜ್ ಅಥವಾ ಕರೆಂಟ್ ಆಗಿದ್ದರೆ ಅನಲಾಗ್, ಎಣಿಸಬೇಕಾದ ಮಿಡಿತಗಳಾಗಿದ್ದರೆ ಪಲ್ಸ್, ಸೆನ್ಸರ್ ತಾನೇ ಅಂಕಿಗಳನ್ನು ಕಳುಹಿಸುವುದಾದರೆ ಡಿಜಿಟಲ್. ಲಾಗರ್‌ನಲ್ಲಿ ಸಂಕೇತ ಒಳಬರುವ ದಾರಿಗೆ ಚಾನೆಲ್ ಎಂದೂ ತಂತಿಯನ್ನು ತಿರುಪಿನಿಂದ ಬಿಗಿಯುವ ಜಾಗಕ್ಕೆ ಟರ್ಮಿನಲ್ ಎಂದೂ ಹೆಸರು.

ಅನಲಾಗ್ ವೋಲ್ಟೇಜನ್ನು ಎರಡು ರೀತಿಯಲ್ಲಿ ಅಳೆಯಬಹುದು. ಒಂದು ತಂತಿಯ ವೋಲ್ಟೇಜನ್ನು ಲಾಗರ್‌ನ ಗ್ರೌಂಡ್‌ಗೆ, ಅಂದರೆ ಶೂನ್ಯ ವೋಲ್ಟ್ ಎಂದು ಹಿಡಿದ ಬಿಂದುವಿಗೆ, ಹೋಲಿಸಿ ಅಳೆದರೆ ಅದು ಸಿಂಗಲ್ ಎಂಡೆಡ್ ಅಳತೆ. ಹೈ ಮತ್ತು ಲೋ ಎಂಬ ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನು ಅಳೆದರೆ ಅದು ಡಿಫರೆನ್ಷಿಯಲ್ ಅಳತೆ. ಎರಡೂ ತಂತಿಗಳ ಮೇಲೆ ಸಮನಾಗಿ ಬಿದ್ದ ವಿದ್ಯುತ್ ಗದ್ದಲ ವ್ಯತ್ಯಾಸ ತೆಗೆಯುವಾಗ ಕಳೆದುಹೋಗುವುದರಿಂದ, ಸಂಕೇತ ಕೆಲವೇ ಮಿಲಿವೋಲ್ಟ್‌ಗಳದ್ದಾಗಿದ್ದಾಗ ಅಥವಾ ತಂತಿ ಉದ್ದವಾಗಿದ್ದಾಗ ಡಿಫರೆನ್ಷಿಯಲ್ ವಿಧಾನವೇ ಮೇಲು. ಅದಕ್ಕೆ ತೆರಬೇಕಾದ ಬೆಲೆಯೆಂದರೆ ಒಂದರ ಬದಲು ಎರಡು ಟರ್ಮಿನಲ್‌ಗಳು. ಅನೇಕ ಲಾಗರ್‌ಗಳಲ್ಲಿ ಡಿಫರೆನ್ಷಿಯಲ್ 1 ಎಂದರೆ ಸಿಂಗಲ್ ಎಂಡೆಡ್ 1 ಮತ್ತು 2, ಡಿಫರೆನ್ಷಿಯಲ್ 2 ಎಂದರೆ 3 ಮತ್ತು 4. ಈ ಎರಡು ಎಣಿಕೆಗಳನ್ನು ಬೆರೆಸಿ, ಪ್ರೋಗ್ರಾಂನಲ್ಲಿ ಒಂದು ಸಂಖ್ಯೆ ಬರೆದು ತಂತಿಯನ್ನು ಬೇರೆಲ್ಲೋ ಬಿಗಿದವರು ಬಹಳ ಮಂದಿ.

ಕೆಲವು ಸೆನ್ಸರ್‌ಗಳು ತಾವಾಗಿ ವೋಲ್ಟೇಜ್ ಹುಟ್ಟಿಸುವುದಿಲ್ಲ, ಅವುಗಳ ರೋಧ ಮಾತ್ರ ಬದಲಾಗುತ್ತದೆ. ಉಷ್ಣತೆ ಅಳೆಯುವ ಥರ್ಮಿಸ್ಟರ್ ಮತ್ತು ಪಿಟಿ100 ಈ ಜಾತಿಗೆ ಸೇರಿದವು. ಇಂಥವುಗಳಿಗೆ ಲಾಗರ್ ತಾನೇ ಗೊತ್ತಿರುವ ಒಂದು ವೋಲ್ಟೇಜನ್ನೋ ಕರೆಂಟನ್ನೋ ಅಳತೆಯ ಹೊತ್ತಿನಲ್ಲಿ ಮಾತ್ರ ಕೊಟ್ಟು, ಮರಳಿ ಬಂದದ್ದನ್ನು ಅಳೆಯುತ್ತದೆ. ಹಾಗೆ ಕೊಡುವುದಕ್ಕೆ ಎಕ್ಸೈಟೇಷನ್ ಎಂದು ಹೆಸರು. ಅದನ್ನು ಸತತವಾಗಿ ಕೊಟ್ಟರೆ ಬ್ಯಾಟರಿ ಖರ್ಚಾಗುವುದಲ್ಲದೆ ಸೆನ್ಸರ್ ತಾನೇ ಬಿಸಿಯಾಗಿ ಸುಳ್ಳು ಉಷ್ಣತೆ ತೋರಿಸುತ್ತದೆ. ಪಿಟಿ100ರ ರೋಧ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಓಮ್, 100 ಡಿಗ್ರಿಯಲ್ಲಿ ಸುಮಾರು 138.5 ಓಮ್, ಅಂದರೆ ಡಿಗ್ರಿಗೆ 0.385 ಓಮ್‌ನಷ್ಟೇ ಬದಲಾವಣೆ. ತಂತಿಯ ರೋಧವೇ 1 ಓಮ್ ಇದ್ದು ಅದನ್ನು ಲೆಕ್ಕದಿಂದ ಕಳೆಯದಿದ್ದರೆ ಉಷ್ಣತೆ ಸುಮಾರು 2.6 ಡಿಗ್ರಿ ಹೆಚ್ಚಾಗಿ ಕಾಣುತ್ತದೆ. ಮೂರು ತಂತಿ, ನಾಲ್ಕು ತಂತಿ ಜೋಡಣೆಗಳು ಇರುವುದು ಈ ದೋಷವನ್ನು ತೆಗೆಯುವುದಕ್ಕಾಗಿಯೇ.

ನೀರಿನ ಮಟ್ಟದ ಸೆನ್ಸರ್‌ಗಳಲ್ಲಿ ಬಹಳಷ್ಟು 4ರಿಂದ 20 ಮಿಲಿಆಂಪಿಯರ್ ಕರೆಂಟ್ ಕೊಡುತ್ತವೆ. ಶೂನ್ಯ ಮಟ್ಟಕ್ಕೂ 4 ಮಿಲಿಆಂಪಿಯರ್ ಹರಿಯುವುದರಿಂದ, ಕರೆಂಟ್ ಪೂರ್ತಿ ಇಲ್ಲವಾದರೆ ತೊಟ್ಟಿ ಖಾಲಿಯಾಗಿದೆಯೆಂದಲ್ಲ, ತಂತಿ ತುಂಡಾಗಿದೆ ಅಥವಾ ಸೆನ್ಸರ್‌ಗೆ ವಿದ್ಯುತ್ ತಲುಪುತ್ತಿಲ್ಲವೆಂದು ತಿಳಿಯುತ್ತದೆ. ವೋಲ್ಟೇಜ್ ಮಾತ್ರ ಅಳೆಯಬಲ್ಲ ಲಾಗರ್‌ಗೆ ಈ ಕರೆಂಟನ್ನು ಒಂದು ನಿಖರವಾದ ರೆಸಿಸ್ಟರ್ ಮೂಲಕ ಹರಿಸಬೇಕು. 100 ಓಮ್ ರೆಸಿಸ್ಟರ್ ಹಾಕಿದರೆ 400ರಿಂದ 2000 ಮಿಲಿವೋಲ್ಟ್ ದೊರೆಯುತ್ತದೆ.

ಮಳೆಮಾಪಕದ ಒಳಗಿನ ಪುಟ್ಟ ಬಟ್ಟಲು ತುಂಬಿ ಮಗುಚಿದಾಗಲೆಲ್ಲ ಒಂದು ಸ್ವಿಚ್ ಕ್ಷಣಕಾಲ ಮುಚ್ಚಿಕೊಳ್ಳುತ್ತದೆ. ಅದೇ ಒಂದು ಪಲ್ಸ್. ಸಾಮಾನ್ಯ ಮಾಪಕಗಳಲ್ಲಿ ಒಂದು ಮಗುಚು 0.2 ಮಿಲಿಮೀಟರ್ ಮಳೆಗೆ ಸಮ. ಲೋಹದ ಸ್ವಿಚ್ ಮುಚ್ಚುವಾಗ ಸಣ್ಣಗೆ ಅದುರಿ ಒಂದರ ಬದಲು ಹಲವು ಪಲ್ಸ್ ಕೊಡಬಹುದಾದ್ದರಿಂದ, ಅದುರುವಿಕೆಯನ್ನು ಎಣಿಸದೆ ಬಿಡುವ ಡಿಬೌನ್ಸ್ ವ್ಯವಸ್ಥೆ ಬೇಕು. ಲಾಗರ್‌ನಲ್ಲಿ ಸ್ವಿಚ್ ಕ್ಲೋಷರ್ ಎಂಬ ಆಯ್ಕೆ ಇದ್ದರೆ ಅದು ಸಾಮಾನ್ಯವಾಗಿ ಇದನ್ನು ನೋಡಿಕೊಳ್ಳುತ್ತದೆ.

ಡಿಜಿಟಲ್ ಸೆನ್ಸರ್‌ಗಳಲ್ಲಿ ಎಸ್‌ಡಿಐ-12 ಮತ್ತು ಮಾಡ್‌ಬಸ್ ಎಂಬ ಎರಡು ಪ್ರೋಟೋಕಾಲ್‌ಗಳು, ಅಂದರೆ ಸೆನ್ಸರ್ ಮತ್ತು ಲಾಗರ್ ಮಾತಾಡಿಕೊಳ್ಳುವ ನಿಯಮಗಳು, ಹೆಚ್ಚು ಎದುರಾಗುತ್ತವೆ. ಎರಡರಲ್ಲೂ ಮುಖ್ಯ ಪದ ಅಡ್ರೆಸ್: ಒಂದೇ ತಂತಿಗೆ ಹಲವು ಸೆನ್ಸರ್‌ಗಳನ್ನು ಜೋಡಿಸಬಹುದಾದ ಕಾರಣ ಪ್ರತಿಯೊಂದಕ್ಕೂ ಬೇರೆ ಅಡ್ರೆಸ್ ಇರಲೇಬೇಕು. ಎಸ್‌ಡಿಐ-12 ಸೆನ್ಸರ್‌ಗಳು ಬಹುತೇಕ 0 ಎಂಬ ಅಡ್ರೆಸ್‌ನೊಂದಿಗೇ ಕಾರ್ಖಾನೆಯಿಂದ ಬರುತ್ತವೆ. ಎರಡನ್ನು ಹಾಗೆಯೇ ಜೋಡಿಸಿದರೆ ಎರಡೂ ಒಟ್ಟಿಗೆ ಉತ್ತರಿಸಿ ಯಾವುದೂ ಅರ್ಥವಾಗುವುದಿಲ್ಲ. 1979ರಲ್ಲಿ ಬಂದ ಮಾಡ್‌ಬಸ್‌ನಲ್ಲಿ ಮೌಲ್ಯಗಳು 16 ಬಿಟ್‌ನ ರಿಜಿಸ್ಟರ್‌ಗಳಲ್ಲಿ ಕುಳಿತಿರುತ್ತವೆ. ದಶಮಾಂಶವಿರುವ 32 ಬಿಟ್ ಮೌಲ್ಯಕ್ಕೆ ಎರಡು ರಿಜಿಸ್ಟರ್ ಬೇಕು, ಯಾವುದು ಮೊದಲು ಎಂಬುದು ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಅರ್ಥವಿಲ್ಲದ ಭಾರೀ ಸಂಖ್ಯೆಗಳು ಬಂದರೆ ಸೆನ್ಸರ್ ಕೆಟ್ಟಿದೆ ಎನ್ನುವ ಮುಂಚೆ ಈ ಕ್ರಮವನ್ನು ತಿರುಗಿಸಿ ನೋಡಬೇಕು.

ಮೂರನೆಯ ಹೆಜ್ಜೆ: ವೋಲ್ಟೇಜನ್ನು ಅಂಕಿಯಾಗಿ, ಅಂಕಿಯನ್ನು ಅರ್ಥವುಳ್ಳ ಮಾನವಾಗಿ

ಅನಲಾಗ್ ವೋಲ್ಟೇಜನ್ನು ಅಂಕಿಯಾಗಿಸುವ ಭಾಗವನ್ನು ಎಡಿಸಿ ಎನ್ನುತ್ತಾರೆ. ಅದು ಅಳೆಯಬಲ್ಲ ಕನಿಷ್ಠ ಮತ್ತು ಗರಿಷ್ಠ ವೋಲ್ಟೇಜ್‌ಗಳ ನಡುವಿನ ಹರವು ರೇಂಜ್. ಆ ಹರವನ್ನು ಎಷ್ಟು ಮೆಟ್ಟಿಲುಗಳಾಗಿ ಒಡೆಯಬಲ್ಲದು ಎಂಬುದನ್ನು ಬಿಟ್‌ಗಳ ಸಂಖ್ಯೆ ಹೇಳುತ್ತದೆ. 12 ಬಿಟ್ ಎಂದರೆ 4096 ಮೆಟ್ಟಿಲು, 16 ಬಿಟ್ ಎಂದರೆ 65,536. 0ರಿಂದ 5 ವೋಲ್ಟ್ ರೇಂಜ್‌ನ 12 ಬಿಟ್ ಎಡಿಸಿಯಲ್ಲಿ ಒಂದು ಮೆಟ್ಟಿಲು ಸುಮಾರು 1.22 ಮಿಲಿವೋಲ್ಟ್ ಆಗುತ್ತದೆ, ಇದೇ ರೆಸಲ್ಯೂಷನ್. ಉಷ್ಣತೆಗೆ ತಕ್ಕಂತೆ ಸಣ್ಣ ವೋಲ್ಟೇಜ್ ಹುಟ್ಟಿಸುವ ಸೆನ್ಸರ್ ಆದ ಕೆ ಬಗೆಯ ಥರ್ಮೋಕಪಲ್ ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್ ಮಾತ್ರ ಕೊಡುವುದರಿಂದ, ಅದನ್ನು ಈ ರೇಂಜ್‌ಗೆ ನೇರವಾಗಿ ಜೋಡಿಸಿದರೆ ಉಷ್ಣತೆ ಸುಮಾರು 30 ಡಿಗ್ರಿ ಬದಲಾಗುವವರೆಗೆ ಲಾಗರ್‌ಗೆ ಸುದ್ದಿಯೇ ಮುಟ್ಟುವುದಿಲ್ಲ. ಆದ್ದರಿಂದ ಸಂಕೇತವನ್ನು ಒಳಗೊಳ್ಳುವ ರೇಂಜ್‌ಗಳಲ್ಲಿ ಅತ್ಯಂತ ಚಿಕ್ಕದನ್ನು ಆರಿಸಿಕೊಳ್ಳಬೇಕು. ತೀರ ಚಿಕ್ಕದನ್ನು ಆರಿಸಿ ಸಂಕೇತ ಅದನ್ನು ಮೀರಿದರೆ ಓವರ್‌ರೇಂಜ್ ಆಗುತ್ತದೆ. ಆಗ ಸಂಖ್ಯೆಯ ಬದಲು ‘ಎನ್‌ಎಎನ್’, ಅಂದರೆ ‘ಇದು ಸಂಖ್ಯೆಯಲ್ಲ’ ಎಂಬ ಗುರುತು ದಾಖಲಾಗುತ್ತದೆ.

ರೆಸಲ್ಯೂಷನ್ ಮತ್ತು ನಿಖರತೆ ಒಂದೇ ಅಲ್ಲ. ತೆರೆಯ ಮೇಲೆ 24.618 ಎಂದು ಮೂರು ದಶಮಾಂಶ ಕಂಡ ಮಾತ್ರಕ್ಕೆ ಉಷ್ಣತೆ ಅಷ್ಟು ಸರಿಯಾಗಿದೆ ಎಂದಾಗುವುದಿಲ್ಲ. ಅರ್ಧ ಡಿಗ್ರಿ ತಪ್ಪು ತೋರಿಸುವ ಸೆನ್ಸರ್‌ನ ತಪ್ಪನ್ನು ಒಳ್ಳೆಯ ಎಡಿಸಿ ಬಹಳ ಸೂಕ್ಷ್ಮವಾಗಿ ಅಳೆದುಕೊಡುತ್ತದೆ, ಅಷ್ಟೇ.

ಇನ್ನೆರಡು ಸಣ್ಣ ಪದಗಳಿವೆ. ಒಂದು ಚಾನೆಲ್‌ನಿಂದ ಮತ್ತೊಂದಕ್ಕೆ ಹೊರಳಿದ ಮೇಲೆ ವೋಲ್ಟೇಜ್ ಸ್ಥಿರವಾಗುವವರೆಗೆ ಕಾಯುವ ಅವಧಿ ಸೆಟ್ಲಿಂಗ್ ಟೈಮ್. ಉದ್ದ ತಂತಿಗಳಿಗೆ ಇದು ಹೆಚ್ಚು ಬೇಕು. ಸಂಕೇತವನ್ನು ಒಂದು ಕ್ಷಣದಲ್ಲಿ ಹಿಡಿಯದೆ ಒಂದಷ್ಟು ಹೊತ್ತು ಕೂಡಿಸಿ ನೋಡುವುದು ಇಂಟಿಗ್ರೇಷನ್. ಸುತ್ತಲಿನ ವಿದ್ಯುತ್ ಮಾರ್ಗಗಳ ಆವರ್ತನ 50 ಹರ್ಟ್ಸ್ ಆಗಿದ್ದರೆ ಒಂದು ಪೂರ್ಣ ಸುತ್ತಿಗೆ 20 ಮಿಲಿಸೆಕೆಂಡ್ ಹಿಡಿಯುತ್ತದೆ. ಇಂಟಿಗ್ರೇಷನ್ ಕೂಡ ಅಷ್ಟೇ ಹೊತ್ತಿನದಾದರೆ ಆ ಗದ್ದಲದ ಏರಿಗೂ ಇಳಿಗೂ ಸರಿಹೋಗಿ ಅದು ಅಳತೆಯಿಂದ ಮರೆಯಾಗುತ್ತದೆ. 60 ಹರ್ಟ್ಸ್ ಇರುವಲ್ಲಿ ಇದು 16.67 ಮಿಲಿಸೆಕೆಂಡ್.

ಅಳೆದ ಮಿಲಿವೋಲ್ಟನ್ನು ಮೀಟರಾಗಿಯೋ ಡಿಗ್ರಿಯಾಗಿಯೋ ಬದಲಿಸಲು ಗುಣಕ ಮತ್ತು ಆಫ್‌ಸೆಟ್ ಎಂಬ ಎರಡು ಸಂಖ್ಯೆಗಳು ಬೇಕು. ಅಳತೆಯನ್ನು ಗುಣಕದಿಂದ ಗುಣಿಸಿ, ಬಂದದ್ದಕ್ಕೆ ಆಫ್‌ಸೆಟ್ ಕೂಡಿಸಬೇಕು. ನಮ್ಮ ಉದಾಹರಣೆಯ ಮಟ್ಟದ ಸೆನ್ಸರ್ 0ರಿಂದ 10 ಮೀಟರ್ ಅಳೆಯುತ್ತದೆ ಮತ್ತು 400ರಿಂದ 2000 ಮಿಲಿವೋಲ್ಟ್ ಕೊಡುತ್ತದೆ ಎನ್ನೋಣ. 1600 ಮಿಲಿವೋಲ್ಟ್ ಹರವಿಗೆ 10 ಮೀಟರ್ ಆದ್ದರಿಂದ ಗುಣಕ 10 ಭಾಗ 1600, ಅಂದರೆ 0.00625. 400 ಮಿಲಿವೋಲ್ಟನ್ನು ಇದರಿಂದ ಗುಣಿಸಿದರೆ 2.5 ಬರುತ್ತದೆ, ಅದು ಶೂನ್ಯವಾಗಬೇಕಾದ್ದರಿಂದ ಆಫ್‌ಸೆಟ್ ಋಣ 2.5. ಮೇಲಿನ ತುದಿಯಲ್ಲಿ ಪರೀಕ್ಷಿಸಿದರೆ 2000 ಗುಣಿಸು 0.00625 ಎಂದರೆ 12.5, ಅದರಲ್ಲಿ 2.5 ಕಳೆದರೆ 10 ಮೀಟರ್, ಲೆಕ್ಕ ಸರಿಯಾಗಿದೆ. ಎರಡು ತುದಿಗಳಲ್ಲಿಯೂ ಹೀಗೆ ಕೈಯಲ್ಲಿ ಲೆಕ್ಕ ಹಾಕಿ ನೋಡದೆ ಯಾವ ಗುಣಕವನ್ನೂ ಪ್ರೋಗ್ರಾಂಗೆ ಬರೆಯಬಾರದು. ಲಾಗರ್ ಮಿಲಿವೋಲ್ಟ್‌ನಲ್ಲಿ ಅಳೆಯುವುದೋ ವೋಲ್ಟ್‌ನಲ್ಲಿ ಅಳೆಯುವುದೋ ಎಂಬುದನ್ನು ಗಮನಿಸದಿದ್ದರೆ ಉತ್ತರ ಸಾವಿರ ಪಟ್ಟು ತಪ್ಪುತ್ತದೆ.

ನಾಲ್ಕನೆಯ ಹೆಜ್ಜೆ: ಕಾಲಕ್ಕೆ ಸಂಬಂಧಿಸಿದ ಪದಗಳು

ಇಡೀ ವಿಷಯದ ಗಂಟು ಇರುವುದು ಇಲ್ಲಿ. ಲಾಗರ್ ತನ್ನ ಎಲ್ಲ ಸೆನ್ಸರ್‌ಗಳನ್ನು ಒಂದು ಸುತ್ತು ಅಳೆಯುವುದಕ್ಕೆ ಸ್ಕ್ಯಾನ್ ಎಂದು ಹೆಸರು. ಒಂದು ಸ್ಕ್ಯಾನ್‌ನ ಆರಂಭದಿಂದ ಮುಂದಿನದರ ಆರಂಭದವರೆಗಿನ ಅವಧಿ ಸ್ಕ್ಯಾನ್ ಇಂಟರ್ವಲ್. ಇದನ್ನೇ ಕೆಲವರು ಸ್ಯಾಂಪ್ಲಿಂಗ್ ಇಂಟರ್ವಲ್ ಎಂದೂ ಕರೆಯುತ್ತಾರೆ. ಮೆಮೊರಿಯಲ್ಲಿ ಒಂದು ಸಾಲನ್ನು ಬರೆದಿಡುವ ಅವಧಿ ಇದರಿಂದ ಬೇರೆ. ಅದಕ್ಕೆ ಡೇಟಾ ಇಂಟರ್ವಲ್ ಅಥವಾ ಲಾಗಿಂಗ್ ಇಂಟರ್ವಲ್ ಎನ್ನುತ್ತಾರೆ. ಸ್ಕ್ಯಾನ್ 5 ಸೆಕೆಂಡಿಗೊಮ್ಮೆ, ದಾಖಲೆ ಗಂಟೆಗೊಮ್ಮೆ ಎಂದು ಇಟ್ಟರೆ, ಗಂಟೆಯಲ್ಲಿ 720 ಸಲ ಅಳೆದು ಒಂದೇ ಸಾಲು ಉಳಿಸಿದಂತಾಗುತ್ತದೆ. ಹಾಗಾದರೆ ಆ 720 ಅಳತೆಗಳಿಂದ ಒಂದು ಸಂಖ್ಯೆ ಹುಟ್ಟುವುದು ಹೇಗೆ? ಅದನ್ನು ತೀರ್ಮಾನಿಸುವುದೇ ಔಟ್‌ಪುಟ್ ಪ್ರೊಸೆಸಿಂಗ್.

ಇದರಲ್ಲಿ ಸ್ಯಾಂಪಲ್, ಸರಾಸರಿ, ಗರಿಷ್ಠ, ಕನಿಷ್ಠ, ಮೊತ್ತ ಎಂಬ ಐದು ಬಗೆಗಳು ಸಾಮಾನ್ಯ. ಸ್ಯಾಂಪಲ್ ಎಂದರೆ ಬರೆಯುವ ಕ್ಷಣದಲ್ಲಿರುವ ಕೊನೆಯ ಅಳತೆ ಮಾತ್ರ. ಉಳಿದ 719ಕ್ಕೆ ಅದರಲ್ಲಿ ಪಾಲಿಲ್ಲ. ಗಾಳಿಯ ಉಷ್ಣತೆಗೆ ಸರಾಸರಿ ಸೂಕ್ತ, ಬೇಕಿದ್ದರೆ ಜೊತೆಗೆ ಗರಿಷ್ಠ ಮತ್ತು ಕನಿಷ್ಠ. ನಿಧಾನವಾಗಿ ಏರಿಳಿಯುವ ತೊಟ್ಟಿಯ ನೀರಿಗೆ ಸ್ಯಾಂಪಲ್ ಸಾಕು. ಮಳೆಗೆ ಮಾತ್ರ ಮೊತ್ತವೇ ಆಗಬೇಕು. ಪಲ್ಸ್ ಎಣಿಕೆ ಪ್ರತಿ ಸ್ಕ್ಯಾನ್‌ನಲ್ಲಿ ಓದಿದ ಕೂಡಲೇ ಶೂನ್ಯಕ್ಕೆ ಮರಳುವ ಲಾಗರ್‌ಗಳಲ್ಲಿ ಮಳೆಯನ್ನು ಸ್ಯಾಂಪಲ್ ಎಂದು ಬರೆದಿಟ್ಟರೆ, ಗಂಟೆಯ ಕೊನೆಯ 5 ಸೆಕೆಂಡಿನಲ್ಲಿ ಬಿದ್ದ ಮಳೆ ಮಾತ್ರ ದಾಖಲಾಗಿ ಉಳಿದದ್ದೆಲ್ಲ ಕಳೆದುಹೋಗುತ್ತದೆ. ಜೋರು ಮಳೆ ಬಂದ ದಿನವೂ ಕಡತದ ತುಂಬ ಸೊನ್ನೆ ಕಂಡರೆ ಮಳೆಮಾಪಕವನ್ನು ಬಿಚ್ಚುವ ಮೊದಲು ಈ ಒಂದು ಪದವನ್ನು ನೋಡಿ.

ಗಾಳಿಯ ದಿಕ್ಕಿನ ಕತೆ ಇನ್ನೂ ಸೂಕ್ಷ್ಮ. ಒಂದು ಅಳತೆ 350 ಡಿಗ್ರಿ, ಮತ್ತೊಂದು 10 ಡಿಗ್ರಿ ಎಂದಿಟ್ಟುಕೊಳ್ಳಿ. ಎರಡೂ ಉತ್ತರಕ್ಕೆ ಹತ್ತಿರವಾಗಿದ್ದರೂ ಅವುಗಳ ಸಾಮಾನ್ಯ ಸರಾಸರಿ 180, ಅಂದರೆ ನೇರ ದಕ್ಷಿಣ. ಹಾಗಾಗಿ ದಿಕ್ಕಿಗೆ ವೆಕ್ಟರ್ ಸರಾಸರಿ ಬೇಕು, ಅಂದರೆ ಪ್ರತಿ ಅಳತೆಯನ್ನೂ ಒಂದು ಬಾಣವೆಂದು ಹಿಡಿದು, ಬಾಣಗಳನ್ನು ಕೂಡಿಸಿ ದಿಕ್ಕನ್ನು ತೆಗೆಯಬೇಕು. ಅನೇಕ ಲಾಗರ್‌ಗಳಲ್ಲಿ ಇದಕ್ಕೆಂದೇ ಪ್ರತ್ಯೇಕ ಆದೇಶವಿದೆ.

ಸ್ಕ್ಯಾನ್ ಇಂಟರ್ವಲ್ ಎಷ್ಟಿರಬೇಕು ಎಂಬುದಕ್ಕೆ ಎರಡು ಮಿತಿಗಳಿವೆ. ಅಳೆಯುವ ವಸ್ತು ಎಷ್ಟು ವೇಗವಾಗಿ ಬದಲಾಗುತ್ತದೆಯೋ ಅದರ ಎರಡು ಪಟ್ಟಿಗಿಂತ ಹೆಚ್ಚು ವೇಗದಲ್ಲಿ ಅಳೆಯದಿದ್ದರೆ, ಇಲ್ಲದ ನಿಧಾನ ಏರಿಳಿತವೊಂದು ದಾಖಲೆಯಲ್ಲಿ ಹುಟ್ಟಿಕೊಳ್ಳುತ್ತದೆ. ಅದಕ್ಕೆ ಏಲಿಯಾಸಿಂಗ್ ಎನ್ನುತ್ತಾರೆ. ಇನ್ನೊಂದು ಕಡೆ, ಒಂದು ಸುತ್ತಿನ ಎಲ್ಲ ಅಳತೆಗಳಿಗೆ 6 ಸೆಕೆಂಡ್ ಹಿಡಿಯುವಾಗ ಸ್ಕ್ಯಾನ್ ಇಂಟರ್ವಲ್ 5 ಸೆಕೆಂಡ್ ಇಟ್ಟರೆ ಲಾಗರ್ ಕೆಲವು ಸುತ್ತುಗಳನ್ನು ಬಿಟ್ಟುಬಿಡುತ್ತದೆ. ಇವೇ ಸ್ಕಿಪ್ಡ್ ಸ್ಕ್ಯಾನ್‌ಗಳು. ಎಸ್‌ಡಿಐ-12 ಸೆನ್ಸರ್‌ಗಳು ಉತ್ತರ ಕೊಡಲು ಹಲವು ಸೆಕೆಂಡ್ ತೆಗೆದುಕೊಳ್ಳುವುದರಿಂದ ಈ ತೊಂದರೆ ಹೆಚ್ಚಾಗಿ ಅವುಗಳಿಂದಲೇ ಬರುತ್ತದೆ. ಅಂಥವನ್ನು ಬೇರೊಂದು ನಿಧಾನದ ಸ್ಕ್ಯಾನ್‌ಗೆ ಹಾಕುವುದು ರೂಢಿ.

ಪ್ರತಿ ಸಾಲಿಗೂ ಅಂಟುವ ಸಮಯದ ಗುರುತು ಟೈಮ್‌ಸ್ಟ್ಯಾಂಪ್. ಬಹಳಷ್ಟು ಲಾಗರ್‌ಗಳು ಅವಧಿ ಮುಗಿದಾಗ ಬರೆಯುವುದರಿಂದ, 10:00 ಎಂಬ ಗುರುತಿನ ಸಾಲು 9ರಿಂದ 10ರವರೆಗಿನ ಗಂಟೆಗೆ ಸೇರಿದ್ದು. ಇದೇ ಕಾರಣಕ್ಕೆ ಒಂದು ದಿನದ ಮೊತ್ತ ಮರುದಿನದ 00:00 ಗುರುತಿನೊಂದಿಗೆ ಕಾಣುತ್ತದೆ. ಇದನ್ನು ಅರಿಯದೆ ಕಡತವನ್ನು ದಿನಾಂಕದಂತೆ ಗುಂಪು ಮಾಡಿದರೆ ಪ್ರತಿ ದಿನದ ಮಳೆಯೂ ಒಂದು ದಿನ ಮುಂದಕ್ಕೆ ಜರುಗುತ್ತದೆ. ಗಡಿಯಾರದ ವಿಷಯದಲ್ಲೂ ಎಚ್ಚರ ಬೇಕು. ದಶಲಕ್ಷಕ್ಕೆ 20 ಭಾಗದಷ್ಟು ತಪ್ಪುವ ಗಡಿಯಾರ ದಿನಕ್ಕೆ 1.7 ಸೆಕೆಂಡ್, ತಿಂಗಳಿಗೆ ಸುಮಾರು 52 ಸೆಕೆಂಡ್ ಓಡುತ್ತದೆ ಅಥವಾ ಹಿಂದುಳಿಯುತ್ತದೆ. ಬೇಸಿಗೆಯಲ್ಲಿ ಗಡಿಯಾರ ಮುಂದೂಡುವ ಪದ್ಧತಿಯಿರುವ ದೇಶಗಳಲ್ಲಿ ಲಾಗರನ್ನು ವರ್ಷವಿಡೀ ಒಂದೇ ಸಮಯದಲ್ಲಿಡಬೇಕು, ಇಲ್ಲವಾದರೆ ವರ್ಷಕ್ಕೊಮ್ಮೆ ಒಂದು ಗಂಟೆ ಎರಡು ಸಲ ಬಂದಂತೆ ಕಡತದಲ್ಲಿ ಕಾಣುತ್ತದೆ.

ಐದನೆಯ ಹೆಜ್ಜೆ: ಟೇಬಲ್ ಮತ್ತು ಮೆಮೊರಿ

ಉಳಿಸಿದ ದತ್ತಾಂಶ ಟೇಬಲ್‌ಗಳಲ್ಲಿ ಇರುತ್ತದೆ. ಟೇಬಲ್‌ನ ಒಂದು ಸಾಲು ರೆಕಾರ್ಡ್, ಒಂದು ಕಾಲಂ ಫೀಲ್ಡ್. ಪ್ರತಿ ರೆಕಾರ್ಡ್‌ಗೂ ಟೈಮ್‌ಸ್ಟ್ಯಾಂಪ್ ಜೊತೆಗೆ ಒಂದು ಕ್ರಮಸಂಖ್ಯೆ ಇರುತ್ತದೆ. ನಡುವೆ ಸಾಲು ತಪ್ಪಿದ್ದರೆ ಅದರಿಂದಲೇ ಗೊತ್ತಾಗುತ್ತದೆ. ಗಂಟೆಗೊಂದು, ದಿನಕ್ಕೊಂದು ಎಂದು ಎರಡು ಟೇಬಲ್‌ಗಳನ್ನು ಇಟ್ಟುಕೊಳ್ಳುವುದು ಸಾಮಾನ್ಯ. ದಿನದ ಟೇಬಲ್‌ನಲ್ಲಿ ಬ್ಯಾಟರಿಯ ಕನಿಷ್ಠ ವೋಲ್ಟೇಜನ್ನೂ ಸೇರಿಸಿದರೆ ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ಮೆಮೊರಿ ತುಂಬಿದಾಗ ಏನಾಗಬೇಕು ಎಂಬುದಕ್ಕೆ ಎರಡು ದಾರಿಗಳಿವೆ. ಹಳೆಯ ಸಾಲುಗಳ ಮೇಲೆ ಹೊಸದನ್ನು ಬರೆಯುತ್ತ ಹೋದರೆ ಅದು ರಿಂಗ್ ಮೆಮೊರಿ. ತುಂಬಿದ ಮೇಲೆ ಬರೆಯುವುದನ್ನೇ ನಿಲ್ಲಿಸಿದರೆ ಅದು ಫಿಲ್ ಅಂಡ್ ಸ್ಟಾಪ್. ಎಷ್ಟು ದಿನ ಸಾಕಾಗುತ್ತದೆಂದು ಲೆಕ್ಕ ಹಾಕುವುದು ಸುಲಭ. ತಲಾ 4 ಬೈಟ್‌ನ 10 ಮೌಲ್ಯಗಳು ಮತ್ತು ಟೈಮ್‌ಸ್ಟ್ಯಾಂಪ್‌ಗೆ 8 ಬೈಟ್ ಎಂದು ಹಿಡಿದರೆ ಒಂದು ಸಾಲಿಗೆ 48 ಬೈಟ್. ನಿಮಿಷಕ್ಕೊಂದು ಸಾಲಾದರೆ ದಿನಕ್ಕೆ 1440 ಸಾಲು, 69,120 ಬೈಟ್. 4 ಮೆಗಾಬೈಟ್ ಮೆಮೊರಿ ಸುಮಾರು 60 ದಿನಕ್ಕೆ ತುಂಬುತ್ತದೆ. ಗಂಟೆಗೊಂದು ಸಾಲಾದರೆ ಅದೇ ಮೆಮೊರಿ ಹತ್ತು ವರ್ಷದಷ್ಟು ಬರುತ್ತದೆ. ಭೇಟಿಗಳ ನಡುವಿನ ಅವಧಿಯ ಎರಡು ಪಟ್ಟಾದರೂ ಜಾಗ ಇರುವಂತೆ ನೋಡಿಕೊಳ್ಳುವುದು ಲೇಸು.

ಮೌಲ್ಯವನ್ನು ಯಾವ ರೂಪದಲ್ಲಿ ಉಳಿಸಬೇಕೆಂಬುದು ಡೇಟಾ ಟೈಪ್. ಕ್ಯಾಂಪ್‌ಬೆಲ್ ಲಾಗರ್‌ಗಳಲ್ಲಿರುವ ಎಫ್‌ಪಿ2 ಎಂಬ ಎರಡು ಬೈಟ್‌ನ ರೂಪ ಜಾಗ ಉಳಿಸುತ್ತದೆ, ಆದರೆ 7999ಕ್ಕಿಂತ ಹೆಚ್ಚಿನ ಸಂಖ್ಯೆಯನ್ನು ಹಿಡಿಯಲಾರದು ಮತ್ತು 800 ದಾಟಿದ ಮೇಲೆ ದಶಮಾಂಶವನ್ನು ಬಿಟ್ಟುಬಿಡುತ್ತದೆ. ವಾಯುಭಾರ 1013.2 ಎಂದಿದ್ದರೂ 1013 ಎಂದು ಉಳಿಯುತ್ತದೆ. ನಾಲ್ಕು ಬೈಟ್‌ನ ಫ್ಲೋಟ್ ರೂಪಕ್ಕೆ ಈ ತೊಂದರೆಯಿಲ್ಲ. ಅದಕ್ಕೂ ಸುಮಾರು ಏಳು ಅಂಕಿಗಳ ಮಿತಿಯಿದೆ, ಮತ್ತು 1,67,77,216 ಮುಟ್ಟಿದ ಮೇಲೆ ಒಂದೊಂದಾಗಿ ಕೂಡಿಸಿದರೂ ಅದು ಮುಂದೆ ಹೋಗುವುದಿಲ್ಲ. ವರ್ಷಗಟ್ಟಲೆ ಓಡುವ ಎಣಿಕೆಗಳಿಗೆ ಪೂರ್ಣಾಂಕದ ರೂಪವನ್ನೇ ಬಳಸಬೇಕು.

ಆರನೆಯ ಹೆಜ್ಜೆ: ಪ್ರೋಗ್ರಾಮಿನ ಅಂಗಗಳು

ಹಾಳೆ ಸಿದ್ಧವಿದ್ದರೆ ಪ್ರೋಗ್ರಾಂ ಮೂರು ಭಾಗವಾಗಿ ತಾನೇ ಬಿಡಿಸಿಕೊಳ್ಳುತ್ತದೆ. ಮೊದಲ ಭಾಗದಲ್ಲಿ ಘೋಷಣೆಗಳು: ಅಳತೆಗಳನ್ನು ಇಟ್ಟುಕೊಳ್ಳುವ ವೇರಿಯಬಲ್‌ಗಳಿಗೂ ಬದಲಾಗದ ಸ್ಥಿರಾಂಕಗಳಿಗೂ ಹೆಸರು ಮತ್ತು ಮಾನ ಕೊಡಬೇಕು. ಸಿಆರ್‌ಬೇಸಿಕ್‌ನಲ್ಲಿ ಪಬ್ಲಿಕ್ ಎಂದು ಘೋಷಿಸಿದ ವೇರಿಯಬಲ್ ಸ್ಥಳದಲ್ಲಿ ನಿಂತು ನೋಡಲು ಸಿಗುತ್ತದೆ, ಡಿಮ್ ಎಂದು ಘೋಷಿಸಿದ್ದು ಒಳಲೆಕ್ಕಕ್ಕೆ ಮಾತ್ರ. ಗುಣಕಗಳನ್ನು ಸ್ಥಿರಾಂಕವಾಗಿ ಮೇಲ್ಭಾಗದಲ್ಲಿಯೇ ಬರೆದಿಟ್ಟರೆ ಸೆನ್ಸರ್ ಬದಲಾಯಿಸಿದಾಗ ಹುಡುಕಾಟ ತಪ್ಪುತ್ತದೆ. ಎರಡನೆಯ ಭಾಗದಲ್ಲಿ ಟೇಬಲ್‌ಗಳ ವಿವರ: ಹೆಸರು, ಡೇಟಾ ಇಂಟರ್ವಲ್, ಯಾವ ಫೀಲ್ಡ್‌ಗೆ ಯಾವ ಔಟ್‌ಪುಟ್ ಪ್ರೊಸೆಸಿಂಗ್ ಎಂಬುದು. ಮೂರನೆಯ ಭಾಗ ಮುಖ್ಯ ಪ್ರೋಗ್ರಾಂ. ಅದರೊಳಗೆ ಸ್ಕ್ಯಾನ್ ಸುತ್ತು, ಸುತ್ತಿನೊಳಗೆ ಅಳತೆಯ ಆದೇಶಗಳು, ಸುತ್ತಿನ ಕೊನೆಯಲ್ಲಿ ಟೇಬಲನ್ನು ಕರೆಯುವ ಆದೇಶ.

ಟೇಬಲನ್ನು ಕರೆಯುವುದು ಎಂದರೆ ಮೆಮೊರಿಗೆ ಬರೆಯುವುದು ಎಂದಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಪ್ರತಿ ಕರೆಯಲ್ಲೂ ಆ ಹೊತ್ತಿನ ಅಳತೆ ಸರಾಸರಿಯ ಲೆಕ್ಕಕ್ಕೆ ಸೇರುತ್ತದೆ. ಬರೆಯುವ ಹೊತ್ತು ಬಂದಿದೆಯೋ ಇಲ್ಲವೋ ಎಂಬುದನ್ನು ಟೇಬಲ್‌ನೊಳಗಿನ ಡೇಟಾ ಇಂಟರ್ವಲ್ ತೀರ್ಮಾನಿಸುತ್ತದೆ. ಗಂಟೆಗೊಮ್ಮೆ ಉಳಿಸುವ ಟೇಬಲನ್ನು ಗಂಟೆಗೊಮ್ಮೆಯೇ ಕರೆದರೆ ಸಾಕಲ್ಲವೇ ಎಂದು ಷರತ್ತು ಹಾಕುವವರಿದ್ದಾರೆ. ಹಾಗೆ ಮಾಡಿದರೆ 720ರ ಬದಲು ಒಂದೇ ಅಳತೆಯ ‘ಸರಾಸರಿ’ ಸಿಗುತ್ತದೆ, ಅದೂ ಯಾವ ದೋಷಸೂಚನೆಯಿಲ್ಲದೆ.

ಏಳನೆಯ ಹೆಜ್ಜೆ: ವಿದ್ಯುತ್ ಲೆಕ್ಕ

ಅಳತೆಗಳ ನಡುವೆ ನಿದ್ರಿಸುವಾಗ ಲಾಗರ್ ಎಳೆಯುವ ಕರೆಂಟ್ ಕ್ವಯೆಸೆಂಟ್ ಕರೆಂಟ್. ಪ್ರತಿ 10 ಸೆಕೆಂಡಿನಲ್ಲಿ 1 ಸೆಕೆಂಡ್ ಎಚ್ಚರವಿದ್ದು 30 ಮಿಲಿಆಂಪಿಯರ್, ಉಳಿದ 9 ಸೆಕೆಂಡ್ 1 ಮಿಲಿಆಂಪಿಯರ್ ಎಳೆದರೆ ಸರಾಸರಿ 3.9 ಮಿಲಿಆಂಪಿಯರ್ ಆಗುತ್ತದೆ. 7 ಆಂಪಿಯರ್‌ಗಂಟೆಯ ಬ್ಯಾಟರಿ ಕಾಗದದ ಮೇಲೆ ಇದನ್ನು ಸುಮಾರು 75 ದಿನ ನಡೆಸುತ್ತದೆ. ಲೆಡ್ ಆಸಿಡ್ ಬ್ಯಾಟರಿಯನ್ನು ಪೂರ್ತಿ ಬರಿದುಮಾಡಿದರೆ ಕೆಡುವುದರಿಂದ ಅರ್ಧವನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದು ಸುರಕ್ಷಿತ. ದತ್ತಾಂಶವನ್ನು ದೂರಕ್ಕೆ ಕಳುಹಿಸುವ ಮೋಡೆಮ್ ಇದ್ದರೆ ಲೆಕ್ಕದ ದೊಡ್ಡ ಪಾಲು ಅದರದ್ದೇ ಆಗಿರುತ್ತದೆ.

ಎಂಟನೆಯ ಹೆಜ್ಜೆ: ಕಳುಹಿಸುವುದು, ಪರೀಕ್ಷಿಸುವುದು, ತರುವುದು

ಬರೆದ ಪ್ರೋಗ್ರಾಮನ್ನು ಯಂತ್ರ ನಡೆಸಬಲ್ಲ ರೂಪಕ್ಕೆ ತರುವುದು ಕಂಪೈಲ್. ವ್ಯಾಕರಣದ ತಪ್ಪುಗಳನ್ನು ಅದು ಹಿಡಿಯುತ್ತದೆ. ತಪ್ಪು ಚಾನೆಲ್, ತಪ್ಪು ಗುಣಕ ಅದರ ಕಣ್ಣಿಗೆ ಬೀಳುವುದಿಲ್ಲ. ಹೊಸ ಪ್ರೋಗ್ರಾಂ ಕಳುಹಿಸಿದಾಗ ಅನೇಕ ಲಾಗರ್‌ಗಳಲ್ಲಿ ಹಳೆಯ ಟೇಬಲ್‌ಗಳು ಅಳಿಸಿಹೋಗುತ್ತವೆ. ಒಮ್ಮೆ ನಾನು ಫೀಲ್ಡ್‌ನ ಹೆಸರೊಂದರ ಅಕ್ಷರ ತಿದ್ದಲೆಂದು ಪ್ರೋಗ್ರಾಂ ಮರುಕಳುಹಿಸಿ ಮೂರು ವಾರಗಳ ದತ್ತಾಂಶವನ್ನು ಕ್ಷಣದಲ್ಲಿ ಕಳೆದುಕೊಂಡಿದ್ದೇನೆ. ಆದ್ದರಿಂದ ಮೊದಲು ದತ್ತಾಂಶವನ್ನು ಇಳಿಸಿಕೊಂಡು, ಕಡತವನ್ನು ತೆರೆದು ನೋಡಿ, ಅನಂತರವೇ ಕಳುಹಿಸಬೇಕು. ಕಳುಹಿಸುವಾಗ ‘ವಿದ್ಯುತ್ ಮರಳಿದಾಗ ನಡೆಸು’ ಎಂಬ ಆಯ್ಕೆಯನ್ನೂ ಒತ್ತಿರಬೇಕು. ಇಲ್ಲವಾದರೆ ಬ್ಯಾಟರಿ ಒಮ್ಮೆ ಕಳಚಿ ಕೂಡಿದ ಮೇಲೆ ಲಾಗರ್ ಸುಮ್ಮನೆ ಕುಳಿತುಬಿಡುತ್ತದೆ.

ಪ್ರೋಗ್ರಾಂ ಓಡತೊಡಗಿದ ಮೇಲೆ ಪಬ್ಲಿಕ್ ಮೌಲ್ಯಗಳನ್ನು ತೆರೆಯ ಮೇಲೆ ನೋಡುತ್ತ ಒಂದೊಂದೇ ಸೆನ್ಸರನ್ನು ಕೆಣಕಬೇಕು. ನೀರು ತಾಗಿದರೂ ಕೆಡದ ಉಷ್ಣತೆಯ ಸೆನ್ಸರನ್ನು ಪುಡಿಮಾಡಿದ ಮಂಜುಗಡ್ಡೆಯಿರುವ ನೀರಿಗೆ ಇಳಿಸಿದರೆ 0 ಡಿಗ್ರಿಯ ಹತ್ತಿರ ನಿಲ್ಲಬೇಕು. ಮಳೆಮಾಪಕದ ಬಟ್ಟಲನ್ನು ಬೆರಳಿನಿಂದ ನಿಧಾನವಾಗಿ 10 ಸಲ ಮಗುಚಿದರೆ ಮೊತ್ತ 2.0 ಮಿಲಿಮೀಟರ್ ಆಗಬೇಕು. ಮಟ್ಟದ ಸೆನ್ಸರನ್ನು ಅಳತೆಪಟ್ಟಿ ಹಿಡಿದು ನೀರಿನಲ್ಲಿ ಒಂದು ಮೀಟರ್ ಮೇಲೆತ್ತಿದರೆ ಓದು ಒಂದು ಮೀಟರ್ ಇಳಿಯಬೇಕು. ಗಾಳಿಯ ದಿಕ್ಸೂಚಿಯನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ಹಿಡಿಯಬೇಕು. ಹೀಗೆ ಕೈಯಿಂದ ಸುರಿಸಿದ ‘ಮಳೆ’ಯೂ ದಾಖಲಾಗಿರುತ್ತದೆಯಾದ್ದರಿಂದ ಪರೀಕ್ಷೆಯ ಆರಂಭ ಮತ್ತು ಅಂತ್ಯದ ಸಮಯವನ್ನು ಲಾಗರ್‌ನ ಗಡಿಯಾರ ನೋಡಿಯೇ ಪುಸ್ತಕದಲ್ಲಿ ಬರೆದಿಡಬೇಕು. ಆಮೇಲೆ ಲಾಗರ್ ತನ್ನ ಸ್ಥಿತಿಯನ್ನು ತೋರಿಸುವ ಸ್ಟೇಟಸ್ ಟೇಬಲ್ ತೆರೆದು ಸ್ಕಿಪ್ಡ್ ಸ್ಕ್ಯಾನ್‌ಗಳ ಎಣಿಕೆ ಸೊನ್ನೆಯಿದೆಯೇ, ಬ್ಯಾಟರಿ ವೋಲ್ಟೇಜ್ ಸರಿಯಿದೆಯೇ ಎಂದು ನೋಡಿ, ಕನಿಷ್ಠ ಒಂದು ರೆಕಾರ್ಡ್ ಬರೆಯುವವರೆಗೆ ಅಲ್ಲಿಂದ ಕದಲಬಾರದು.

ದತ್ತಾಂಶ ಇಳಿಸುವಾಗ ‘ಎಲ್ಲವೂ’ ಮತ್ತು ‘ಕಳೆದ ಸಲದಿಂದೀಚೆಗಿನದು’ ಎಂಬ ಎರಡು ಆಯ್ಕೆಗಳಿರುತ್ತವೆ. ಎರಡನೆಯದು ಹಳೆಯ ಕಡತದ ಕೊನೆಗೆ ಹೊಸ ಸಾಲುಗಳನ್ನು ಸೇರಿಸುತ್ತದೆ. ನಡುವೆ ಟೇಬಲ್‌ನ ರಚನೆ ಬದಲಾಗಿದ್ದರೆ ಹೊಸ ಹೆಸರಿನ ಕಡತಕ್ಕೆ ಇಳಿಸಬೇಕು, ಇಲ್ಲವಾದರೆ ಕಾಲಂಗಳು ಅದಲುಬದಲಾಗುತ್ತವೆ. ಕಡತ ಸಾಮಾನ್ಯವಾಗಿ ಸಿಎಸ್‌ವಿ ರೂಪದಲ್ಲಿ, ಅಂದರೆ ಮೌಲ್ಯಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯವಾಗಿ ಇದ್ದು, ಮೇಲಿನ ಹೆಡರ್ ಸಾಲುಗಳಲ್ಲಿ ಫೀಲ್ಡ್‌ನ ಹೆಸರು ಇರುತ್ತದೆ. ಕೆಲವು ಲಾಗರ್‌ಗಳಲ್ಲಿ ಮಾನ ಮತ್ತು ಪ್ರೊಸೆಸಿಂಗ್‌ನ ಬಗೆಯೂ ಜೊತೆಗಿರುತ್ತವೆ. ಸ್ಪ್ರೆಡ್‌ಶೀಟ್‌ಗಳು ದಿನಾಂಕದ ರೂಪವನ್ನು ತಮಗೆ ತೋಚಿದಂತೆ ಬದಲಿಸುವುದರಿಂದ ಮೂಲ ಕಡತದ ಪ್ರತಿಯೊಂದನ್ನು ತೆರೆಯದೆ ಬೇರೆ ಕಡೆ ಇಟ್ಟು, ನಕಲಿನ ಮೇಲೆ ಮಾತ್ರ ಕೆಲಸ ಮಾಡಬೇಕು. ಮೊದಲ ಪೂರ್ಣ ದಿನದ ಕಡತ ಕೈಗೆ ಬಂದಾಗ ಗಂಟೆಯ ಟೇಬಲ್‌ನಲ್ಲಿ 24 ಸಾಲುಗಳಿವೆಯೇ ಎಂದು ಎಣಿಸಿ, ಗಂಟೆಯ ಮಳೆಗಳನ್ನು ಕೂಡಿಸಿದ ಮೊತ್ತ ದಿನದ ಟೇಬಲ್‌ನ ಮೊತ್ತಕ್ಕೆ ಸರಿಹೊಂದುತ್ತದೆಯೇ ಎಂದು ನೋಡಿ. ಹೊಂದದಿದ್ದರೆ ನಾಲ್ಕನೆಯ ಹೆಜ್ಜೆಗೆ ಮರಳಿ ಪ್ರತಿ ಫೀಲ್ಡ್‌ನ ಎದುರು ಬರೆದ ಪ್ರೊಸೆಸಿಂಗ್‌ನ ಹೆಸರನ್ನು ಹಾಳೆಯೊಂದಿಗೆ ತಾಳೆ ಹಾಕಿ.